ಇನ್ನೂರು ವಾಟಿನ ಬಲ್ಬ್

ರಶ್ಮಿಯ ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ತೂಕ ಸ್ವಲ್ಪ ಏರಿದ ಮೇಲೆ ಮನೆಗೆ ಕಳಿಸಿದರು. ಚಳಿಗಾಲ ಬೇರೆ. ಕೂಸನ್ನು ಬೆಚ್ಚಗಿಡಬೇಕು, ತೊಟ್ಟಿಲ ಮೇಲೆ ಇನ್ನೂರು ವಾಟಿನ ಬಲ್ಬ್ ತೂಗುಹಾಕಿ ಎಂದಿದ್ದರು ಡಾಕ್ಟರು. ರಶ್ಮಿಗೆ ತಾಯಿ ಇರಲಿಲ್ಲ. ಹಾಗಾಗಿ ಹೊಳೆಹೊನ್ನೂರಿನ ಗಂಡನ ಮನೆಯಲ್ಲೇ ಅತ್ತೆ ಸುಭದ್ರಮ್ಮ ಬಾಣಂತನಕ್ಕೆ ನಿಂತರು.

ಸಂಜೆಯಾದರೆ ಸುತ್ತಲಿನ ಗದ್ದೆಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಶುರುವಾಗಿ ವೋಲ್ಟೇಜ್ ಬಿದ್ದುಹೋಗುತ್ತಿತ್ತು. ಒಂದು ಸಂಜೆ ರಶ್ಮಿ ತೊಟ್ಟಿಲೊಳಗೆ ಕೈಯಿಟ್ಟು ನೋಡಿ, ಬಿಸಿ ಸಾಲುತ್ತಿಲ್ಲ, ಒಂದು ಬಾಂಡ್ಲಿಯಲ್ಲಿ ಕೆಂಡ ತಂದಿಡೋಣವೇ ಎಂದು ಕೇಳಿದಳು. ಗಂಡ ವೀರೇಂದ್ರ ಭದ್ರಾವತಿಯ ಕಾಲೇಜೊಂದರಲ್ಲಿ ಫಿಸಿಕ್ಸ್ ಲೆಕ್ಚರರ್. ತಲೆಯೆತ್ತಿ ಒಮ್ಮೆ ನೋಡಿ, "ಬಲ್ಬ್ ಉರೀತಿದೆಯಲ್ಲ, ಹೊಗೆ ಯಾಕೆ ಮಗೂಗೆ?" ಅಂದ. ಸ್ವಲ್ಪ ಹೊತ್ತಿಗೆ ಮಗು ಮೊಲೆ ಚೀಪುವುದನ್ನು ಬಿಟ್ಟಿತು. ಮೈ ತಣ್ಣಗಾಗಿತ್ತು. ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೊರಟರು, ಆದರೆ ದಾರಿಯಲ್ಲೇ ಎಲ್ಲ ಮುಗಿದಿತ್ತು.

ಅಮ್ಮನಾದವಳು ಸುಮ್ಮನಿರಲಾರದೆ ಕೂಸನ್ನು ಪದೇಪದೇ ಎತ್ತಿ ಎತ್ತಿ ಥಂಡಿ ಹತ್ತಿಸಿದಳು ಎಂದು ಸುಭದ್ರಮ್ಮ ಬಂದವರೆದುರೆಲ್ಲ ಹೇಳಿಕೊಂಡು ಅತ್ತರು. ಅವರಿಗೆ ಸೊಸೆಯ ಮೇಲೆ ದ್ವೇಷವೇನೂ ಇರಲಿಲ್ಲ, ಸಂಕಟ ತಡೆಯಲಾರದೆ ಆಡಿದ ಮಾತು. ರಶ್ಮಿಯೂ ಅದನ್ನೇ ನಂಬಿದಳು. ತನ್ನ ಕೈಯಿಂದಲೇ ಹೋಯಿತು ಎಂದುಕೊಂಡು, ಅಕ್ಕಪಕ್ಕದವರ ಎಳೆಮಕ್ಕಳನ್ನು ಮುಟ್ಟುವುದನ್ನೂ ಬಿಟ್ಟಳು. ವೀರೇಂದ್ರ ಏನೂ ಹೇಳಲಿಲ್ಲ. ಅವನೂ ಒಳಗೊಳಗೇ ನೋಯುತ್ತಿದ್ದಾನೆ, ಅದಕ್ಕೇ ಮಾತಿಲ್ಲ ಎಂದು ಅವಳು ಅವನ ಮೇಲೇ ಕನಿಕರಪಟ್ಟಳು.

ಜೂನ್‌ನಲ್ಲಿ ಶಾಲೆ ತೆರೆಯಿತು. ಮದುವೆಗೆ ಮುಂಚಿನಿಂದಲೂ ಅವಳು ಭದ್ರಾವತಿ ಓಲ್ಡ್ ಟೌನಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಮನೆಯಲ್ಲಿ ಕೂತು ಕೊರಗುವುದಕ್ಕಿಂತ ಮೇಲೆಂದು ಮತ್ತೆ ಬಸ್ಸು ಹತ್ತಿದಳು. ಮಳೆ ಇನ್ನೂ ಹಿಡಿಯದಿದ್ದ ಒಂದು ಮಧ್ಯಾಹ್ನ ಹತ್ತನೇ ಕ್ಲಾಸಿಗೆ ವಿದ್ಯುತ್ತಿನ ಪಾಠ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಪವರ್. ಅಷ್ಟು ಹೇಳಿ, ಬೋರ್ಡಿನ ಮೇಲೆ ಲೆಕ್ಕ ಬರೆದಳು: ಇನ್ನೂರಿಪ್ಪತ್ತು ವೋಲ್ಟಿಗೆ ನೂರು ವಾಟ್ ಕೊಡುವ ಬಲ್ಬಿಗೆ ನೂರಹತ್ತು ವೋಲ್ಟೇ ಸಿಕ್ಕರೆ ಎಷ್ಟು ವಾಟ್?

ಅರ್ಧ, ಐವತ್ತು ಎಂದರು ಮಕ್ಕಳು. ಅಲ್ಲ, ವೋಲ್ಟೇಜ್ ಅರ್ಧವಾದರೆ ಕರೆಂಟೂ ಅರ್ಧವಾಗುತ್ತದೆ, ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು ಭಾಗ, ಇಪ್ಪತ್ತೈದೇ ವಾಟ್ ಎಂದು ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಂತೆ ಹೇಳಿದಳು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ತೊಟ್ಟಿಲ ಮೇಲೆ ಕೆಂಪಗೆ ಉರಿಯುತ್ತಿದ್ದ ಬಲ್ಬ್ ಕಣ್ಣಿಗೆ ಕಟ್ಟಿತು. ಉಳಿದ ಪಾಠವನ್ನು ನೀವೇ ಓದಿಕೊಳ್ಳಿ ಎಂದು ಕುರ್ಚಿಯಲ್ಲಿ ಕೂತುಬಿಟ್ಟಳು.

ಸಂಜೆ ಮನೆಗೆ ಬಂದವಳು ಅಟ್ಟದ ಮೇಲಿದ್ದ ಆ ಬಲ್ಬನ್ನು ಇಳಿಸಿ ಹೋಲ್ಡರಿಗೆ ಹಾಕಿದಳು. ಅದು ಮಂಕಾಗಿ ಹತ್ತಿತು. ವೀರೇಂದ್ರ ಕಾಲೇಜಿನಿಂದ ಆಗ ತಾನೇ ಬಂದು ಬೂಟು ಬಿಚ್ಚುತ್ತಿದ್ದ.

"ಕರೆಂಟ್ ಅಳೆಯೋ ನಿಮ್ಮ ಮೀಟರ್ ಕೊಡಿ," ಅಂದಳು.

ಏತಕ್ಕೆಂದು ಅವನು ಕೇಳಲಿಲ್ಲ. ಬಲ್ಬಿನ ಕಡೆಗೂ ನೋಡಲಿಲ್ಲ.

"ಬೇಡ ರಶ್ಮಿ. ತೊಂಬತ್ತೆರಡು ವಾಟ್ ಬರುತ್ತೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ಯಾವಾಗ ನೋಡಿದ್ರಿ?"

ಮಗುವನ್ನು ಮಣ್ಣು ಮಾಡಿ ಬಂದ ವಾರವೇ ನೋಡಿದ್ದ. ಅಮ್ಮ, ಹೆಂಡತಿ ಹೊರಗೆ ಜನರ ಮಧ್ಯೆ ಕೂತಿದ್ದಾಗ, ಅದೇ ಸಂಜೆಯ ಹೊತ್ತಿಗೆ ಬಾಗಿಲು ಹಾಕಿಕೊಂಡು ಅಳೆದಿದ್ದ. ನೂರನಲವತ್ತು ವೋಲ್ಟ್, ಮುಕ್ಕಾಲು ಆಂಪಿಯರಿಗೂ ಕಡಿಮೆ ಕರೆಂಟ್. ಗುಣಿಸಿ ನೋಡಿದರೆ ಇರಬೇಕಾದ ಶಾಖದಲ್ಲಿ ಅರ್ಧವೂ ಇರಲಿಲ್ಲ. ಮಗು ಅದರಿಂದಲೇ ಹೋಯಿತೆಂದು ಯಾವ ಲೆಕ್ಕವೂ ಹೇಳುವುದಿಲ್ಲ ಎಂದ.

ಅವನೇ ಎದ್ದು ಅಡುಗೆಮನೆಗೆ ಹೋಗಿ ತಾಯಿಗೂ ಹೇಳಿದ. ಸುಭದ್ರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡಪ್ಪ, ಬೇಕು ಅಂತೇನೂ ಮಾಡಿದ್ದಲ್ಲ," ಅಂದರು. ಆ ಮಾತನ್ನು ಅಷ್ಟು ತಿಂಗಳಲ್ಲಿ ಅವರು ತನಗೆ ಒಮ್ಮೆಯೂ ಹೇಳಿರಲಿಲ್ಲ ಎಂಬುದು ಹೊಸ್ತಿಲಲ್ಲಿ ನಿಂತಿದ್ದ ರಶ್ಮಿಗೆ ತಟ್ಟಿತು. ಮರುದಿನ ಬೆಳಿಗ್ಗೆ ಬಟ್ಟೆ ತುಂಬಿಕೊಂಡು ಶಿವಮೊಗ್ಗದ ಅಕ್ಕನ ಮನೆಗೆ ಹೋದಳು. ಶಾಲೆಗೆ ಅಲ್ಲಿಂದಲೇ ಓಡಾಡಿದಳು.

ವೀರೇಂದ್ರ ಭಾನುವಾರಗಳಲ್ಲಿ ಬಂದು ಕೂರುತ್ತಿದ್ದ. ಅವಳು ಕಾಫಿ ಕೊಡುತ್ತಿದ್ದಳು. ಒಂದು ಭಾನುವಾರ, ಬಂದುಬಿಡು ಎಂದು ಅವನು ಕೇಳಿದಾಗ ಅಂದಳು:

"ಬಲ್ಬ್ ಉರೀತಿದೆ ಅಂದಿದ್ದಕ್ಕೆ ಸಿಟ್ಟಿಲ್ಲ ರೀ. ನಾನೂ ಓದಿದವಳೇ, ನನಗೂ ಹೊಳೀಲಿಲ್ಲ. ಆದ್ರೆ ನಾನು ದಿನಾ ನನ್ನ ಕೈಗೆ ಶಾಪ ಹಾಕ್ಕೊಳ್ತಿದ್ದೆ. ನೀವು ಪಕ್ಕದಲ್ಲೇ ಇದ್ರಿ."

ಮುಂದಿನ ಭಾನುವಾರವೂ ಅವನು ಬಂದ.

ದೀಪಾವಳಿ ಕಳೆದ ಮೇಲೆ ಅವಳು ವಾಪಸು ಹೋದಳು. ಸಂಸಾರ ನಡೆಯಿತು. ವೀರೇಂದ್ರ ಮಾತ್ರ ಬದಲಾದ. ಬಸ್ಸಲ್ಲಿ ಯಾರು ಸಿಕ್ಕರು, ಕ್ಯಾಂಟೀನಿನಲ್ಲಿ ಏನು ತಿಂದ, ಯಾರ ಮೇಲೆ ರೇಗಿದ, ಯಾವುದನ್ನೂ ಬಿಡದೆ ಮನೆಗೆ ಬಂದೊಡನೆ ಅವಳಿಗೆ ಹೇಳುತ್ತಿದ್ದ. ರಶ್ಮಿ ಅಕ್ಕಿ ಆರಿಸುತ್ತಲೋ ಬಟ್ಟೆ ಮಡಿಸುತ್ತಲೋ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನಡುನಡುವೆ ಹೂಂ ಅನ್ನುತ್ತಿದ್ದಳು.