ಅಟ್ಟದ ಮೇಲಿನ ಬ್ಯಾಕಪ್

ಕೊಳೆತ ತೆಂಗಿನಕಾಯಿಯ ನೀರಿನ ನಾತ ಮೂಗಿಗೆ ಬಡಿದರೆ ಮೂರು ದಿನ ಅನ್ನ ಸೇರುವುದಿಲ್ಲ. ತಿಪಟೂರು ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ನೀರು ಮೂವತ್ತೆಂಟು ವೆಬ್‌ಸೈಟುಗಳ ಮೇಲೆ ಸೋರಿದ್ದನ್ನು ಕಣ್ಣಾರೆ ಕಂಡವನು ಬಹುಶಃ ನಾನೊಬ್ಬನೇ.

ನಾನು ಹೊನ್ನವಳ್ಳಿಯ ಭೀಮರಾಜು. ಬಿ.ಎಸ್ಸಿ. ಮುಗಿಸಿ ನಾಲ್ಕು ವರ್ಷದಿಂದ ತಿಪಟೂರಿನ ‘ಮುಕ್ಕಣ್ಣ ಹೋಸ್ಟಿಂಗ್’ನಲ್ಲಿ ಕೆಲಸಕ್ಕಿದ್ದೇನೆ. ಸುತ್ತಲಿನ ಶಾಲೆ, ಕಲ್ಯಾಣ ಮಂಟಪ, ನರ್ಸರಿಗಳ ವೆಬ್‌ಸೈಟುಗಳನ್ನು ನಮ್ಮ ಸರ್ವರಿನಲ್ಲಿಟ್ಟು ಕಾಯುವುದು ನಮ್ಮ ಕಸುಬು. ಕಾಯಿ ಕಾಯುವ ಊರಲ್ಲಿ ಇದೂ ಒಂದು ಕಾಯುವಿಕೆ. ಯಜಮಾನರು ಬಸವರಾಜಪ್ಪ, ಮೂರು ತಲೆಮಾರಿನ ಕೊಬ್ಬರಿ ವ್ಯಾಪಾರಸ್ಥರು. ಕೊಬ್ಬರಿ ಗೋಡೌನಿನ ಪಕ್ಕದ ಕೋಣೆಗೆ ಎ.ಸಿ. ಹಾಕಿಸಿ, ಸರ್ವರ್ ಕೂರಿಸಿ, ಅದಕ್ಕೆ ವಿಭೂತಿ ಬಳಿದು, “ಯಾವ್ದೋ ದೇಶದಲ್ಲಿ ಮಡಗಕ್ಕೆ ನಮ್ಗೇನ್ ಬಂದೈತ್ಲಾ? ಜಾಗ ನಮ್ದು, ಕರೆಂಟು ನಮ್ದು” ಎಂದವರು.

ಬ್ಯಾಕಪ್ಪಿಗೂ ಅವರದೇ ಒಂದು ಪದ್ಧತಿ ಇತ್ತು. ಎರಡು ತಿಂಗಳಿಗೊಂದು ಶುಕ್ರವಾರ ನಾನು ಸರ್ವರಿನಲ್ಲಿರುವುದನ್ನೆಲ್ಲ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಬೇಕು. ಅವರು ಅದಕ್ಕೆ ಕುಂಕುಮವಿಟ್ಟು, ಗೋಣಿಚೀಲದಲ್ಲಿ ಸುತ್ತಿ, ಏಣಿ ಹತ್ತಿ, ಅಟ್ಟದ ಮೇಲೆ ಕಾಯಿಗಳ ನಡುವೆ ಇಡಬೇಕು. ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅಲ್ಲಿವರೆಗೆ ತಾಳ್ಮೆ. ಡಿಸ್ಕಿಗೂ ಅದೇ ಕಾನೂನು.

“ಯಜಮಾನ್ರೇ, ಒಂದ್ಸಲ ಇಳಿಸಿ, ಒಳಗೆಲ್ಲ ಸರಿ ಐತಾ ಅಂತ ನೋಡ್ಬೇಕು” ಎಂದು ಒಮ್ಮೆ ಕೇಳಿದ್ದೆ.

“ಒಣಗೋಕ್ ಮುಂಚೆ ಕಾಯಿ ಒಡ್ದು ನೋಡ್ತಾರೇನ್ಲಾ? ಹಂಗ್ ನೋಡ್ದೋನ್ ಮನೇಲಿ ಕೊಬ್ಬರಿ ಆದದ್ದುಂಟಾ? ಮಡಗಿದ್ದುನ್ನ ಮಡಗಿದ್ ಹಂಗೇ ಬುಡು.”

“ಬ್ಯಾಕಪ್ ಬೇಕಪ್ಪ ಅಂದಾಗ ಸಿಗ್ಬೇಕಲ್ಲ” ಎಂದು ನಾನೊಂದು ಪನ್ ಹೊಡೆದೆ. ಅವರು ನಕ್ಕರು, ನಾನೂ ನಕ್ಕೆ, ವಿಷಯ ಅಲ್ಲಿಗೇ ಮುಗಿಯಿತು. ನನ್ನ ದೊಡ್ಡ ರೋಗವೇ ಅದು. ನಗು ಬಂದರೆ ಕೆಲಸ ಆಯಿತು ಅಂದುಕೊಳ್ಳುವುದು.

ಜೂನ್ ತಿಂಗಳ ಒಂದು ಭಾನುವಾರ ಸಂಜೆ ಸಿಡಿಲು ಹೊಡೆಯಿತು. ಅರ್ಥಿಂಗ್ ಗುಂಡಿಗೆ ಬೇಸಿಗೆಯಿಡೀ ಯಾರೂ ನೀರು ಹುಯ್ದಿರಲಿಲ್ಲ. ಸೋಮವಾರ ಬಾಗಿಲು ತೆಗೆದರೆ ಕೋಣೆಯ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಸರ್ವರಿನ ಎರಡೂ ಡಿಸ್ಕು ಸತ್ತಿದ್ದವು.

ಯಜಮಾನರು ಸ್ವಲ್ಪವೂ ಅಲುಗಲಿಲ್ಲ. “ಅಟ್ಟ ಐತಲ್ಲ” ಎಂದು ಏಣಿ ಹತ್ತಿದರು. ಹಿಂದೆ ನಾನೂ ಹತ್ತಿದೆ.

ಮೇಲೆ ಕಂಡದ್ದನ್ನು ಬರೆಯಲು ಈಗಲೂ ವಾಕರಿಕೆ ಬರುತ್ತದೆ. ಮೂಲೆಯ ರಾಶಿಯಲ್ಲಿ ಹತ್ತಿಪ್ಪತ್ತು ಕಾಯಿ ಕೊಳೆತು ಬಿರಿದು, ಬೂದುಬಣ್ಣದ ಲೋಳೆ ಗೋಣಿಚೀಲದೊಳಗೆ ಇಳಿದಿತ್ತು. ಅದರ ಮೇಲೆ ಇಲಿಗಳ ಹಿಕ್ಕೆ, ಉಚ್ಚೆ. ಡಿಸ್ಕುಗಳ ಮೇಲಿನ ಕುಂಕುಮ ಕಲಸಿಹೋಗಿ ಗಾಯದಂತೆ ಕಾಣುತ್ತಿತ್ತು. ಯಜಮಾನರು ಒಂದನ್ನು ಪಂಚೆಯಲ್ಲಿ ಒರೆಸಿ, ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಗುಡುಗುಡು ಸದ್ದು. ಅವರ ಮುಖ ಅರಳಿತು. “ನೋಡ್ದಾ! ಪಕ್ವ ಆಗೈತೆ.”

“ಯಜಮಾನ್ರೇ, ಕಾಯಿ ಗುಡುಗುಟ್ಟುದ್ರೆ ಕೊಬ್ಬರಿ ಆಯ್ತು ಅಂತ. ಇದು ಗುಡುಗುಟ್ಟುದ್ರೆ ಸತ್ತೋಯ್ತು ಅಂತ.”

ಆರು ಡಿಸ್ಕಿನಲ್ಲಿ ಐದು ಹೀಗೇ ಹೋಗಿದ್ದವು. ಆರನೆಯದು ತೆರೆಯಿತು. ಮೂವತ್ತೆಂಟು ಫೋಲ್ಡರು, ಮೂವತ್ತೆಂಟು ಹೆಸರು, ಒಂದರಲ್ಲೂ ಒಂದು ಫೈಲಿಲ್ಲ. ಯುಗಾದಿಯ ಹೊತ್ತಿಗೆ ಸರ್ವರಿನ ಪಾಸ್‌ವರ್ಡ್ ಬದಲಿಸಿದ್ದೆ. ನಕಲು ಮಾಡುವ ಪ್ರೋಗ್ರಾಮಿನಲ್ಲಿ ಬದಲಿಸಿರಲಿಲ್ಲ. ಅದು ಪ್ರತಿ ಸಲ ಖಾಲಿ ಫೋಲ್ಡರುಗಳನ್ನು ನಿಷ್ಠೆಯಿಂದ ತುಂಬುತ್ತಿತ್ತು. ಡಿಸ್ಕಿನ ಹಸಿರು ದೀಪ ನೋಡಿ ನಾನು “ಆಯ್ತು” ಅನ್ನುತ್ತಿದ್ದೆ. ಕೊಳೆತದ್ದು ಅವರ ಅಟ್ಟ ಮಾತ್ರವಲ್ಲ ಎಂದು ಆಗ ಗೊತ್ತಾಯಿತು.

ಹತ್ತು ಗಂಟೆಗೆ ಫೋನುಗಳು ಶುರುವಾದವು.

ನಿಜ ಹೇಳಿಬಿಡೋಣ ಎಂದೆ. ಯಜಮಾನರು ರಿಸೀವರಿನ ಮೇಲೆ ಕೈಯಿಟ್ಟರು. “ಲೇ ಭೀಮ, ನೀನು ಕಾಲೇಜಿನಾಗೆ ಪ್ರಿನ್ಸಿಪಾಲ್ರ ದನೀಲಿ ರಜೆ ಘೋಷಣೆ ಮಾಡ್ದೋನಲ್ವಾ? ಒಂದ್ ಇಂಜಿನಿಯರ್ ದನಿ ತೆಗೀಲಾ.”

ತೆಗೆದೆ. ಬೆಂಗಳೂರಿನ ಡೇಟಾ ಸೆಂಟರಿನ ಚತುರ್ವೇದಿ ಸಾಹೇಬರು ಹುಟ್ಟಿದ್ದು ಹಾಗೆ. “ನೋಡಿ ಸಾರ್, ಡೇಟಾ ಪೂರಾ ಸೇಫ್ ಇದೆ. ಥೋಡಾ ಸಿಂಕ್ ಆಗೋದು ಬಾಕಿ ಇದೆ ಅಷ್ಟೇ.” ಶೆಟ್ಟಿಕೆರೆ ಕಡೆಯ ಶಾಲೆಯ ಮರುಳಸಿದ್ದಯ್ಯ ಮೇಷ್ಟ್ರು ನಾಲ್ಕು ಸಲ ಥ್ಯಾಂಕ್ಸ್ ಹೇಳಿದರು. ಅವರಿಗೆ ಹಿಂದಿನ ವರ್ಷಗಳ ಮಕ್ಕಳ ಫೋಟೋ ಬೇಕಿತ್ತು. ಮೊದಲ ದಿನ ನನಗೆ ಮಜಾ ಬಂತು, ಸುಳ್ಳು ಹೇಳುವುದಿಲ್ಲ. ಎರಡನೆಯ ದಿನ ಚತುರ್ವೇದಿಗೆ ನೆಗಡಿ ಬರಿಸಿದೆ. ಮೂರನೆಯ ದಿನ ಚಹಾ ಕುಡಿಯುವಾಗ ಬಾಯಲ್ಲಿ ಕೊಳೆತ ಕಾಯಿಯ ರುಚಿ ಬಂದು ಉಗಿದೆ.

ಬುಧವಾರ ವನಜಾ ಫೋನ್ ಮಾಡಿದಳು.

ವನಜಾ ಕಂದಿಕೆರೆ ಕಡೆಯ ಒಂದು ಹಟ್ಟಿಯ ಹುಡುಗಿ. ಅವಳ ತಾಯಿ ಜುಂಜಮ್ಮ ಕುರಿ ರೋಗಕ್ಕೆ ಮದ್ದು ಹೇಳುವವಳು. ಹುಳಿಯಾರಿನವರೆಗೂ ಕುರಿ ಮಂದೆಯವರು ಅವಳ ಮಾತು ನಂಬಿ ಬದುಕಿದವರು. ಅವಳಿಗೆ ಓದು ಬರಹವಿಲ್ಲ. ಗಂಟಲ ಆಪರೇಷನ್ ಆದರೆ ದನಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ, ವನಜಾ ಒಂದು ತಿಂಗಳು ಅವ್ವನ ಪಕ್ಕ ಕುಳಿತು ಮದ್ದುಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿದಳು. ನೂರಾ ಹನ್ನೆರಡು. ಅವೆಲ್ಲ ನಮ್ಮ ಸರ್ವರಿಗೆ ಬಂದವು. ಕುರಿ ಕಾಯುವವರು ಮೊಬೈಲಿನಲ್ಲಿ ಒತ್ತಿ ಕೇಳುತ್ತಿದ್ದರು. ಪೆನ್‌ಡ್ರೈವಿನಲ್ಲೂ ಒಂದು ಇಟ್ಟುಕೊಳ್ಳುತ್ತೇನೆ ಎಂದು ವನಜಾ ಅಂದಾಗ ಯಜಮಾನರು, “ಯಾಕವ್ವ? ನಮ್ತಾವ ಮಡಗಿದ್ರೆ ಅಟ್ಟದ್ ಮೇಲಿನ್ ಕಾಯಿ ಇದ್ದಂಗೆ” ಎಂದಿದ್ದರು. ಆಮೇಲೆ ಅವಳ ಫೋನು ಕುರಿಗಳ ನೀರಿನ ತೊಟ್ಟಿಗೆ ಬಿತ್ತು. ಜುಂಜಮ್ಮನ ಗಂಟಲು ಆಪರೇಷನ್ ಆಯಿತು. ದನಿ ಹೋಯಿತು.

“ಅಣ್ಣಾ, ಮಳೆ ಶುರುವಾಗೈತೆ, ಕುರಿಗೆ ಹೊಟ್ಟೆ ಉಬ್ಬರ ಬರೋ ಕಾಲ. ಜನ ಒತ್ತಿದ್ರೆ ಏನೂ ಕೇಳಾಕಿಲ್ಲ ಅಂತಾರೆ. ಶನಿವಾರ ಅವ್ವನ್ನೂ ಕರ್ಕಂಡ್ ಬತ್ತೀನಿ.”

ಚತುರ್ವೇದಿಯ ದನಿ ಗಂಟಲಿಗೆ ಬರಲಿಲ್ಲ. “ಬಾಮ್ಮ” ಎಂದಷ್ಟೇ ಅಂದೆ.

ಫೋನಿಟ್ಟ ಮೇಲೆ ಯಜಮಾನರು ಕುರ್ಚಿ ಹತ್ತಿರಕ್ಕೆ ಎಳೆದರು. “ಅಪ್‌ಲೋಡ್ ಮಾಡೋವಾಗ ಆಯಮ್ಮನ್ನ ನೀನೇ ಕೇಳ್ದೋನಲ್ವಾ? ನಮ್ಗೆಲ್ಲಾ ಮಾಡಿ ತೋರ್ಸಿದ್ದೆ. ‘ಕೇಳ್ರಪ್ಪಾ ಮಕ್ಳಾ’ ಅಂತ. ಥೇಟು ಅವ್ಳೇ ಬಂದಂಗಿತ್ತು ಕಣ್ಲಾ.”

“ಅದು ನಗ್ಸಕ್ಕೆ ಯಜಮಾನ್ರೇ.”

“ಈಗ ಅಳ್ಸದೆ ಇರಕ್ಕೆ ಮಾಡು. ಒಂದ್ ಮೂರು ಮಾಡಾಕು. ಮಿಕ್ಕಿದ್ದು ಆಮೇಕ್ ನೋಡಾಣ.”

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆ ಎಂದು ನನ್ನನ್ನೇ ಕೇಳಿಕೊಂಡರೆ ಹೇಸಿಗೆ ಹುಟ್ಟಿಸುವ ಉತ್ತರ ಸಿಗುತ್ತದೆ. ಮಾಡಬಲ್ಲೆನಾ ಎಂದು ನೋಡುವ ಆಸೆ. ಗುರುವಾರ ಗೋಡೌನಿನಲ್ಲಿ ಚೀಲಗಳ ನಡುವೆ ಕುಳಿತು, ಕೆಳದವಡೆ ಮುಂದಕ್ಕೆ ತಳ್ಳಿ, ಎಲೆಡಿಕೆಯ ಒಂದು ಉಂಡೆ ಕೆನ್ನೆಗಿಟ್ಟು ಶುರು ಮಾಡಿದೆ. “ಕೇಳ್ರಪ್ಪಾ ಮಕ್ಳಾ, ಕುರಿ ಹೊಟ್ಟೆ ತಮಟೆ ಆಗೈತಾ…” ಆಡಿಸಿ ಕೇಳಿದಾಗ ನನಗೇ ಮೈ ಜುಮ್ಮೆಂದಿತು. ಮದ್ದು ನೆನಪಿದ್ದಷ್ಟು ಹೇಳಿದ್ದೆ. ಮಿಕ್ಕಿದ್ದನ್ನು ಆ ದನಿಯೇ ಹೇಳಿಕೊಂಡು ಹೋಗಿತ್ತು. ಯಜಮಾನರು ಬೆನ್ನು ತಟ್ಟಿದರು. ಅವರ ಅಂಗೈ ಇನ್ನೂ ಅಟ್ಟದ ನಾತ ಹೊಡೆಯುತ್ತಿತ್ತು.

ಶುಕ್ರವಾರ ಹೊಸದಾಗಿ ಬ್ಯಾಕಪ್ ಆಯಿತು. ಸುಟ್ಟದ್ದರ ಜಾಗಕ್ಕೆ ತಂದು ಕೂರಿಸಿದ್ದ ಹೊಸ ಸರ್ವರಿನಲ್ಲಿ ಇದ್ದದ್ದೇ ಆ ಮೂರು ಫೈಲು. ಈ ಸಲ ಪಾಸ್‌ವರ್ಡ್ ಸರಿಪಡಿಸಿದ್ದೆ. ಯಜಮಾನರು ಹೊಸ ಡಿಸ್ಕಿಗೆ ಕುಂಕುಮವಿಟ್ಟು, ಹೊಸ ಚೀಲದಲ್ಲಿ ಸುತ್ತಿ, ತೊಳೆದ ಅಟ್ಟದ ಒಣ ಮೂಲೆಯಲ್ಲಿ ಇಟ್ಟರು.

ಶನಿವಾರ ಹನ್ನೊಂದಕ್ಕೆ ಇಬ್ಬರೂ ಬಂದರು. ಜುಂಜಮ್ಮ ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿಕೊಂಡಿದ್ದಳು. ಹೆಗಲ ಮೇಲೆ ಕರಿ ಕಂಬಳಿ, ಬಾಯಲ್ಲಿ ಎಲೆಡಿಕೆ. ಬೆಂಚಿನ ತುದಿಯಲ್ಲಿ ನೆಟ್ಟಗೆ ಕುಳಿತಳು.

“ಕೇಳವ್ವ, ನಿಂದು ಎಲ್ಲೂ ಹೋಗಿಲ್ಲ” ಎಂದು ಯಜಮಾನರು ತಾವೇ ಬಟನ್ ಒತ್ತಿದರು.

“ಕೇಳ್ರಪ್ಪಾ ಮಕ್ಳಾ…”

ವನಜಾ ಬಾಯಿಗೆ ಸೆರಗು ಒತ್ತಿಕೊಂಡಳು. “ಅವ್ವಾ! ನಿಂದೇ ಕಣವ್ವ, ನಿಂದೇ ದನಿ!” ಅವಳ ಕಣ್ಣಲ್ಲಿ ನೀರು. ನಾನು ಕೀಬೋರ್ಡು ನೋಡುತ್ತ ಕುಳಿತೆ. ಮೆಚ್ಚುಗೆ ಇಷ್ಟು ಅಸಹ್ಯವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಜುಂಜಮ್ಮ ತಲೆ ಓರೆ ಮಾಡಿ ಕೇಳುತ್ತಿದ್ದಳು. ಹೊಟ್ಟೆ ಉಬ್ಬರದ ಬೇರಿನ ಮಾತು ಬಂತು. ಆ ಬೇರಿನ ಹೆಸರು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ. “ಒಂದು ಹಿಡಿ ಪುಡಿ ನೀರಿಗಾಕಿ ಕುಡುಸ್ರಿ” ಎಂದಿತು ಆ ದನಿ.

ಜುಂಜಮ್ಮ ಎದ್ದು ನಿಂತಳು. ಮುಷ್ಟಿ ಹಿಡಿದು, ಇಲ್ಲ ಇಲ್ಲ ಎಂದು ಅಲ್ಲಾಡಿಸಿದಳು. ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ, ಇಷ್ಟೇ, ಇಷ್ಟೇ ಎಂದು ಮಗಳ ಮುಖದ ಮುಂದೆ ಹಿಡಿದಳು.

ವನಜಾ ಅಳು ನಿಲ್ಲಿಸಿದಳು. “ಚಿಟಿಕೆ ಅಂತೈತೆ ಅವ್ವ. ಹಿಡಿ ಕುಡುಸುದ್ರೆ ಕುರಿ ಒಂದ್ ಗಳಿಗೇಲಿ ಕಾಲು ಬಡೀತೈತೆ. ಅವ್ವ ಹಂಗ್ ಯಾವತ್ತೂ ಹೇಳಾಕಿಲ್ಲ. ಯಾರ್ದಣ್ಣಾ ಇದು?”

“ಮಿಷನ್ನು ಕಣವ್ವ, ಒಂದೊಂದ್ಸಲ ಹಿಂಗೇ ತಪ್ಪು…” ಯಜಮಾನರು ಶುರು ಮಾಡಿದರು.

“ನಂದು” ಎಂದೆ. “ನಾನೇ ಮಾಡಿದ್ದು. ನಿಮ್ಮವ್ವಂದು ನೂರಾ ಹನ್ನೆರಡೂ ಹೋಗೈತೆ. ಸಿಡಿಲಿಗೆ ಒಂದು, ಕೊಳೆಗೆ ಒಂದು, ನನ್ ಸೋಮಾರಿತನಕ್ಕೆ ಒಂದು. ಒಂದೂ ಉಳಿದಿಲ್ಲ.”

ಜುಂಜಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು, ರೋಗದ ಕುರಿಯ ಬಾಯಿ ಬಿಡಿಸಿ ನೋಡುವ ಹಾಗೆ.

“ಅಳಿಸು” ಎಂದಳು ವನಜಾ. ‘ಅಣ್ಣ’ ಬಿದ್ದುಹೋಗಿತ್ತು.

ಮೂರೂ ಅಳಿಸಿದೆ. ಅವಳು ಪಕ್ಕದಲ್ಲೇ ನಿಂತು ನೋಡಿದಳು. “ಇನ್ನೆಲ್ಲಾದ್ರೂ ಐತಾ?”

ಇಲ್ಲ ಎನ್ನಲು ಬಾಯಿ ತೆರೆದವನು ನಿಂತೆ. ಕಣ್ಣು ತಾನಾಗಿ ಅಟ್ಟದ ಕಡೆ ಹೋಯಿತು.

“ಲೇ, ಮಡಗಿ ಒಂದಿನ ಆಗಿಲ್ಲ, ಮುಟ್‌ಬ್ಯಾಡ ಕಣ್ಲಾ!” ಯಜಮಾನರು ಏಣಿಗೆ ಅಡ್ಡ ಬಂದರು. ಅವರ ಪಕ್ಕದಿಂದ ನುಸುಳಿ ಹತ್ತಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ, ಅವರ ಮಾತು ಮೀರಿ, ಅಟ್ಟದ ಮೇಲಿನದನ್ನು ಹೊತ್ತಿಗೆ ಮುಂಚೆ ಇಳಿಸಿದೆ. ಕುಂಕುಮ ಒರೆಸಿ ಜೋಡಿಸಿದೆ. ಡಿಸ್ಕು ಒಂದೇ ಸಲಕ್ಕೆ ತೆರೆಯಿತು. ಒಂದು, ಎರಡು, ಮೂರು. ಮೂರೂ ಫೈಲು ಅಕ್ಷರ ಕೆಡದೆ, ತೂಕ ತಪ್ಪದೆ ಕುಳಿತಿದ್ದವು. ಪರೀಕ್ಷೆಗೆಂದು ಒಂದನ್ನು ಒತ್ತಿದೆ. “ಕೇಳ್ರಪ್ಪಾ ಮಕ್ಳಾ” ಎಂದಿತು, ಗಟ್ಟಿಯಾಗಿ, ಸ್ಪಷ್ಟವಾಗಿ.

ಮುಕ್ಕಣ್ಣ ಹೋಸ್ಟಿಂಗಿನ ಚರಿತ್ರೆಯಲ್ಲಿ ಸರಿಯಾಗಿ ಆದ ಮೊಟ್ಟಮೊದಲ ಬ್ಯಾಕಪ್ ಅದು. ಅಳಿಸಿದೆ. ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಖಾಲಿ ಪರದೆಯನ್ನು ವನಜಾಳ ಕಡೆ ತಿರುಗಿಸಿದೆ.

ಹೊರಡುವಾಗ ಜುಂಜಮ್ಮ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಅವಳು ನನ್ನ ಬಲಗೈ ಎಳೆದುಕೊಂಡು, ಹೆಬ್ಬೆರಳು ತೋರುಬೆರಳು ಸೇರಿಸಿ ಚಿಟಿಕೆ ಮಾಡಿಸಿದಳು. ಉಗುರು ಬೆಳ್ಳಗಾಗುವವರೆಗೆ ಒತ್ತಿದಳು. ಗೊತ್ತಾಯಿತಾ ಎಂಬಂತೆ ಹುಬ್ಬು ಎತ್ತಿದಳು. ತಲೆ ಆಡಿಸಿದೆ. ಆಮೇಲೆ ಹೊಸ್ತಿಲು ದಾಟಿ, ಯಜಮಾನರ ಬೋರ್ಡಿನ ಕೆಳಗೆ ಎಲೆಡಿಕೆ ಉಗಿದು ಕಂಬಳಿ ಸರಿಮಾಡಿಕೊಂಡಳು. ಮಾತು ಹೋಗಿದ್ದರೂ ಹೇಳುವುದೇನೂ ಬಾಕಿ ಉಳಿದಂತಿರಲಿಲ್ಲ.

“ಅವ್ವನ್ ಕೈ ಇನ್ನೂ ಆಡ್ತೈತೆ” ಎಂದಳು ವನಜಾ, ನನ್ನತ್ತ ನೋಡದೆ. “ಒಂದ್ನೇದ್ರಿಂದ ಬರ್ಕಂತೀನಿ. ಪುಸ್ತಕದಾಗೆ.” ಬಸ್ಸಿನ ಹೊತ್ತಾಗಿತ್ತು. ಇಬ್ಬರೂ ಹೋದರು.

ಯಜಮಾನರು ಏಣಿಯ ಕೆಳಗೇ ಕುಳಿತಿದ್ದರು. ಫೋನು ಬಡಿದುಕೊಂಡಿತು. ಮರುಳಸಿದ್ದಯ್ಯ ಮೇಷ್ಟ್ರು.

“ಚತುರ್ವೇದಿ ಸಾರ್ ಇದಾರೇನ್ರೀ?”

“ಆ ಹೆಸರಿನೋರು ಯಾವತ್ತೂ ಇರ್ಲಿಲ್ಲ ಮೇಷ್ಟ್ರೇ. ನಾನು ಭೀಮರಾಜು. ನಿಮ್ ಮಕ್ಕಳ ಫೋಟೋ ಒಂದೂ ಉಳಿದಿಲ್ಲ.”

ಯಜಮಾನರು ಕೈಮುಗಿದು ಸುಮ್ಮನಿರು ಎಂದು ಸನ್ನೆ ಮಾಡುತ್ತಿದ್ದರು. ಬೆರಳ ತುದಿ ಇನ್ನೂ ಜುಮುಗುಟ್ಟುತ್ತಿತ್ತು. ಬಿಡಿಸಿಕೊಳ್ಳದೆ ಹಾಗೆಯೇ ಚಿಟಿಕೆ ಹಿಡಿದುಕೊಂಡು, ಮೇಷ್ಟ್ರು ಬೈಯಲಿ ಎಂದು ಕಾದೆ.