ಅಕ್ಕನ ಕೈ ಬಿಚ್ಚಿಸಿದ ಗಂಗಾಯಿ

ಗಂಗಾಯಿ ನಮ್ಮ ಮನೆಗೆ ಬಂದಾಗ ಬಾಗಿಲು ಬಡಿಯುತ್ತಿರಲಿಲ್ಲ, ಹೆಸರು ಹಿಡಿದು ಕೂಗುತ್ತಲೂ ಇರಲಿಲ್ಲ. ಹೊಸ್ತಿಲಾಚೆ ಸುಮ್ಮನೆ ನಿಂತುಬಿಡುತ್ತಿದ್ದಳು. ಇಳಿಬಿಸಿಲಿಗೆ ಅವಳ ನೆರಳು ಪಡಸಾಲೆಯಲ್ಲಿ ಉದ್ದಕ್ಕೆ ಬಿದ್ದು ಅಕ್ಕನ ಮಡಿಲು ಮುಟ್ಟುತ್ತಿತ್ತು. ಅಕ್ಕ ತಲೆಯೆತ್ತಿ ನಕ್ಕ ಮೇಲೆಯೇ ಅವಳು ಒಳಗೆ ಕಾಲಿಡುತ್ತಿದ್ದುದು. ನಾನು ಪಕ್ಕದಲ್ಲೇ ಇದ್ದರೂ ನನ್ನನ್ನು ಕರೆಯುತ್ತಿರಲಿಲ್ಲ. “ನಾ ಬಂದಿದ್ದು ಆಕಿನ್ನ ನೋಡಾಕ. ಬಾ ಅನ್ನಾಕಿನೂ ಆಕೀನ,” ಎನ್ನುತ್ತಿದ್ದಳು.

ಅಕ್ಕ ದಾನಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಕೈಗಳೇ ಅವಳ ಮಾತು. ಆ ಕೈಮಾತನ್ನು ನಾವಿಬ್ಬರೂ ಚಿಕ್ಕಂದಿನಲ್ಲಿ ಆಡುತ್ತ ಆಡುತ್ತ ಕಟ್ಟಿಕೊಂಡಿದ್ದೆವು. ಚೊಚ್ಚಲ ಹೆರಿಗೆಗೆಂದು ಅವಳು ತವರಿಗೆ ಬಂದಾಗ ಅವ್ವನಿಗೆ ಒಂದೇ ಚಿಂತೆ, ನೋವು ಬಂದರೆ ಇವಳು ಯಾರಿಗೆ ಹೇಗೆ ಹೇಳಿಯಾಳು ಎಂದು. ಊರಿನ ಸೂಲಗಿತ್ತಿ ಗಂಗಾಯಿಯನ್ನು ಕರೆಸಿದ್ದು ಅದಕ್ಕೇ.

ಅವಳು ಅಕ್ಕನ ಸೊಂಟಕ್ಕೆ ಬೆಚ್ಚಗಿನ ಕುಸುಬಿ ಎಣ್ಣೆ ತಿಕ್ಕುತ್ತಿದ್ದಳು, ಕಾಲು ನೀವುತ್ತಿದ್ದಳು. ನಡುನಡುವೆ ನನ್ನನ್ನು ಕೇಳುತ್ತಿದ್ದಳು: “ನೋವಿಗೆ ಏನಂತೀರಿ? ಅಂಜಿಕಿಗೆ?” ನಾನು ತೋರಿಸಿದ್ದನ್ನು ಎಣ್ಣೆಗೈಯಲ್ಲೇ ಮಾಡಿ ನೋಡುತ್ತಿದ್ದಳು. ಒಮ್ಮೆ ‘ಊಟ ಮಾಡಿದಿಯಾ’ ಎನ್ನಲು ಹೋಗಿ ‘ಜಗಳ ಆಡಿದಿಯಾ’ ಎಂದು ಕೇಳಿಬಿಟ್ಟಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಹೆರಿಗೆಗೆ ಬೇಕಾದ ಮಾತುಗಳು ಮಾತ್ರ ನಮ್ಮಲ್ಲಿ ಇರಲಿಲ್ಲ. ಅವನ್ನು ಮೂವರೂ ಕೂತು ಹೊಸದಾಗಿ ಮಾಡಿದೆವು. ಅಂಗೈ ಎದೆಯಿಂದ ಕೆಳಗೆ ಜಾರಿದರೆ ‘ನೂಕು’. ಗದ್ದದ ಕೆಳಗೆ ಮುಷ್ಟಿ ಹಿಡಿದರೆ ‘ತಡಿ’.

ದಿನ ಹತ್ತಿರವಾದಾಗ ಗಂಗಾಯಿ ಹೊಟ್ಟೆ ಒತ್ತಿ ನೋಡಿದಳು, ಮತ್ತೊಮ್ಮೆ ಒತ್ತಿ ನೋಡಿ ಅವ್ವನ ಕಡೆ ತಿರುಗಿದಳು.

“ಕೂಸಿನ ತಲಿ ಇನ್ನೂ ಮ್ಯಾಲೇ ಐತಿ. ಇದು ಮನ್ಯಾಗ ಮಾಡೂ ಹೆರಿಗಿ ಅಲ್ಲವ್ವಾ. ದವಾಖಾನಿಗೇ ಹೋಗಬೇಕು.”

ಅವ್ವ ಕಂಗಾಲಾದಳು. “ನೀ ಇದ್ದೀ ಅಂತ ಧೈರ್ಯದಿಂದ ಇದ್ದೆ. ಈಗ ಕೈ ಬಿಡ್ತೀ?”

“ಕೈ ಯಾಕ ಬಿಡ್ಲಿ? ಅಲ್ಲಿಗೂ ಬರ್ತೀನಿ.”

ನೋವು ಶುರುವಾದದ್ದು ಒಂದು ಮುಂಜಾನೆ. ಭಾವನಿಗೆ ಹೇಳಿಕಳಿಸಿ, ಗಾಡಿ ಮಾಡಿಕೊಂಡು ದವಾಖಾನೆಗೆ ಹೋದೆವು. ಅಕ್ಕನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಬಿಟ್ಟರು. ಮನೆಯವರು ಯಾರೂ ಒಳಗೆ ಹೋಗುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಕ್ಕನ ದನಿ ಬಂತು. ಅಂಥ ದನಿಯನ್ನು ಅವಳಿಂದ ನಾನು ಯಾವತ್ತೂ ಕೇಳಿರಲಿಲ್ಲ. ನರ್ಸೊಬ್ಬಳು ಹೊರಗೆ ಬಂದಾಗ ತೆರೆದ ಬಾಗಿಲಲ್ಲಿ ಕಂಡೆ: ಅಕ್ಕನ ಎರಡೂ ಕೈಗಳನ್ನು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು.

“ಕೈ ಬೀಸ್ತಾಳ, ಸಲೈನ್ ಸೂಜಿ ಕಿತ್ತಾಳ. ನಾವೇನ್ ಮಾಡೂದು?” ಎಂದಳು ನರ್ಸು. ಅವಳೂ ಬೆವತುಹೋಗಿದ್ದಳು.

ಬಾಗಿಲು ಮುಚ್ಚದಂತೆ ಗಂಗಾಯಿ ಅಡ್ಡ ನಿಂತಳು. ಗದ್ದಲ ಕೇಳಿ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮುಖದಲ್ಲಿ ದಣಿವಿತ್ತು.

“ಡಾಕ್ಟರ್ ಬಾಯಾರ, ಆಕಿ ಕೈಲೇ ಮಾತಾಡ್ತಾಳ್ರಿ. ಕೈ ಕಟ್ಟಿದ್ರ ಬಾಯಿ ಕಟ್ಟಿದಂಗ,” ಎಂದಳು ಗಂಗಾಯಿ, ದನಿ ಏರಿಸದೆ.

“ಅಮ್ಮಾ, ಮಗು ತಿರುಗಿಲ್ಲ. ನಾನು ಹೇಳಿದಾಗ ನೂಕಬೇಕು, ಬೇಡ ಅಂದಾಗ ತಡೀಬೇಕು. ಆಕೆಗೆ ಏನೂ ಕೇಳಿಸ್ತಿಲ್ಲ. ಇದರ ನಡುವೆ ಹೊರಗಿನವರನ್ನ ಬಿಟ್ಟು ಏನಾದರೂ ಆದರೆ ನಾನೇ ಹೊಣೆ.”

“ಹೆರಿಗಿ ನೀವೇ ಮಾಡಿಸ್ರಿ. ಅದು ನನ್ನ ಕೈಲೆ ಆಗೂದಲ್ಲ ಅಂತನ ಇಲ್ಲಿಗೆ ಕರಕೊಂಡು ಬಂದೀನಿ. ಆದ್ರ ನಿಮ್ಮ ಮಾತು ಆಕಿಗೆ ಮುಟ್ಟಸಾಕ ಒಬ್ರು ಬೇಕಲ್ರಿ? ಆಕಿ ಮಾತು ನಿಮಗ ಮುಟ್ಟಬೇಕಲ್ರಿ?”

ಡಾಕ್ಟರು ಒಳಗೊಮ್ಮೆ ತಿರುಗಿ ನೋಡಿದರು. “ಒಬ್ಬರು ಬನ್ನಿ. ಕೈಕಾಲು ತೊಳಕೊಂಡು ನೀವೇ ಬನ್ನಿ.”

ಗಂಗಾಯಿ ನನ್ನ ರಟ್ಟೆ ಹಿಡಿದು ಮುಂದಕ್ಕೆ ತಂದಳು. “ನಾ ಅಲ್ರಿ. ನನಗ ಬರೂದು ಮುರುಕು ಮಾತು. ಈಕಿ ಆಕಿ ತಂಗಿ. ಬುದ್ಧಿ ಬಂದಾಗಿಂದ ಆಕಿ ಜೋಡಿ ಮಾತಾಡಿದಾಕಿ.”

ನಾನು ಗಂಗಾಯಿಯ ಸೆರಗು ಹಿಡಿದೆ. “ಆಯಿ, ನನಗ ಹೆದರಿಕಿ ಆಗಾಕತ್ತೈತಿ.”

“ಆಕಿಗೂ ಆಗೈತಿ. ಇಬ್ರೂ ಕೂಡೇ ಹೆದರ್ರಿ, ಹೋಗು.”

ನರ್ಸು ಕಟ್ಟು ಬಿಚ್ಚಿದಳು. ಬಿಡುಗಡೆಯಾದ ಕೈಗಳು ಮೊದಲು ಕೇಳಿದ್ದು ಒಂದೇ: ಕೂಸು ಬದುಕಿದೆಯಾ? ಅಷ್ಟು ಹೊತ್ತೂ ಅವಳು ಅದನ್ನೇ ಕೇಳುತ್ತಿದ್ದಳು. ಅದನ್ನು ನಾನು ಡಾಕ್ಟರಿಗೆ ಹೇಳಿದೆ. ಅವರು ಅಕ್ಕನ ಅಂಗೈ ಹಿಡಿದು ಅವಳ ಹೊಟ್ಟೆಯ ಮೇಲಿಟ್ಟು, ಅವಳ ಕಣ್ಣನ್ನೇ ನೋಡುತ್ತ ತಲೆಯಾಡಿಸಿದರು. ಅಕ್ಕನ ಮೈ ಸಡಿಲಾಯಿತು.

ಮುಂದಿನದೆಲ್ಲ ಡಾಕ್ಟರ ದನಿ, ನನ್ನ ಕೈ, ಅಕ್ಕನ ಕಣ್ಣು. ತಡಿ, ತಡಿ, ಈಗ ನೂಕು. ನಡುವೆ ಕಿಟಕಿಯ ಮಸುಕು ಗಾಜಿನ ಮೇಲೆ ಹೊರಗಿನಿಂದ ಒಂದು ನೆರಳು ಬಂದು ನಿಂತಿತು. ಅಕ್ಕ ಅದನ್ನು ಗುರುತು ಹಿಡಿದಳು. ಹಲ್ಲು ಕಚ್ಚಿಕೊಂಡೇ ಸಣ್ಣಗೆ ನಕ್ಕಳು. ಮೊದಲು ಮಗುವಿನ ಕಾಲು ಬಂದವು, ಬಹಳ ಹೊತ್ತಿನ ಮೇಲೆ ತಲೆ. ಡಾಕ್ಟರ ಕೈ ಎಲ್ಲೂ ಅವಸರ ಮಾಡಲಿಲ್ಲ. ಮಗು ಅತ್ತಾಗ ಅವರು ತೋಳಿನಿಂದ ಮುಖ ಒರೆಸಿಕೊಂಡು ನನ್ನನ್ನು ಕೇಳಿದರು: “ಹೆಣ್ಣು ಅನ್ನೋದಕ್ಕೆ ಹೇಗೆ?” ಮೂಗುತಿಯ ಜಾಗ ಮುಟ್ಟಿ ತೋರಿಸಿದೆ. ಅವರೇ ಅಕ್ಕನ ಎದುರು ಬಾಗಿ ತಮ್ಮ ಮೂಗು ಮುಟ್ಟಿಕೊಂಡರು.

ಅಲ್ಲಿಂದಾಚೆಗೆ ಆ ದವಾಖಾನೆಯಲ್ಲಿ ಹೆರುವವಳ ಜೊತೆ ಅವಳ ಕಡೆಯ ಒಬ್ಬ ಹೆಂಗಸನ್ನು ಬಿಡತೊಡಗಿದರು. ಮೊದಮೊದಲು ಗಂಗಾಯಿ ಪ್ರತಿಸಲವೂ ಹೋಗಿ ಕೇಳಬೇಕಾಗುತ್ತಿತ್ತು. ಬರುಬರುತ್ತ ಡಾಕ್ಟರೇ ಬಾಗಿಲಿಗೆ ಬಂದು, “ಈಕೆಯ ಜೊತೆ ಯಾರು ಬರ್ತೀರಿ?” ಎನ್ನುತ್ತಿದ್ದರು.

ತೊಟ್ಟಿಲ ದಿನ ಭಾವನ ಅಕ್ಕ ಮಗುವಿನ ಕಿವಿಯಲ್ಲಿ ಹೆಸರು ಉಸುರಿದಳು. ಹಿಂದೆ ಯಾರೋ, “ಹಡೆದಾಕಿ ಆ ಹೆಸರು ಹೆಂಗ ಕರೀತಾಳ, ಪಾಪ,” ಎಂದರು.

“ಆಕಿನ್ನ ಕೇಳೂಣು,” ಎಂದ ಗಂಗಾಯಿ ತನ್ನ ಮುರುಕು ಕೈಮಾತಿನಲ್ಲೇ ಕೇಳಿದಳು.

ಅಕ್ಕ ಮಗುವನ್ನು ನೋಡುತ್ತ ಕೂತಳು. ಆಮೇಲೆ ಕಿರುಬೆರಳಿನಿಂದ ಅದರ ಗದ್ದದ ಗುಳಿ ಮುಟ್ಟಿ, ಮೆಲ್ಲಗೆ ಕೆನ್ನೆಯವರೆಗೂ ಎಳೆದಳು. ಅದೇ ಹೆಸರು.

ಗಂಗಾಯಿ ಬಾಗಿ ಹಾಗೆಯೇ ಕರೆದಳು. ನಂತರ ಅವ್ವ, ನಾನು, ಭಾವನ ಅಕ್ಕ, ನೆರೆಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿ ಕರೆದರು. ತೊಟ್ಟಿಲ ಸರಪಳಿಯ ಕಿರುಗುಟ್ಟುವ ಸದ್ದೊಂದನ್ನು ಬಿಟ್ಟರೆ ಮನೆಯೆಲ್ಲ ಮೌನ. ಒಂದೊಂದು ಬೆರಳು ತಾಕಿದಾಗಲೂ ಮಗು ಆ ಕಡೆಗೆ ಮುಖ ತಿರುಗಿಸುತ್ತಿತ್ತು.