ಜಗಲಿಯ ಮೇಲಿನ ತುತ್ತು

ಮಾವಿನಕಾಯಿಯ ಆವಕಾಯ ಕಲೆಸಿ ಮುಗಿದ ಮೇಲೆ ಬೋಗುಣಿಗೆ ಅಂಟಿದ ಮಸಾಲೆಗೆ ಬಿಸಿ ಅನ್ನ ಸುರಿದು, ಕಲೆಸಿದವಳೇ ಎಲ್ಲರ ಅಂಗೈಗೂ ಒಂದೊಂದು ತುತ್ತು ಇಡಬೇಕು. ಗೋದಾವರಿ ಸೀಮೆಯ ಮನೆಗಳ ಈ ಪದ್ಧತಿ ಸತ್ತಿರಾಜುವಿನ ಉಪ್ಪಿನಕಾಯಿ ಕಾರ್ಖಾನೆಯಲ್ಲೂ ನಿಂತಿರಲಿಲ್ಲ. ಒಳಗಿನಿಂದ ಜಗಲಿಗೆ ಬಂದಿತ್ತು, ಅಷ್ಟೆ. ಹಾಗೆ ಹೊರಗೆ ಹಾಕಿಸಿದವಳು ವಕುಳಾ, ಆಹಾರ ಸುರಕ್ಷತೆಯ ಆಡಿಟರ್.

ಆದರೂ ಪ್ರತಿ ಬೇಸಿಗೆ ಅವಳು ಬಂದಾಗ, ಕಲೆಸುವ ಮಾಣಿಕ್ಯಮ್ಮ ಮೊದಲ ತುತ್ತನ್ನು ಅವಳತ್ತಲೇ ಚಾಚುತ್ತಿದ್ದಳು.

"ಬೇಡ ಅತ್ತೆ, ತಪಾಸಣೆಗೆ ಹೋದ ಕಡೆ ನಾವು ತಿನ್ನೋ ಹಾಗಿಲ್ಲ."

"ಹಸಿವಾಗೋಕಾದ್ರೂ ಅಪ್ಪಣೆ ಇದೆಯೇನೇ ತಾಯಿ ನಿಂಗೆ?"

ಹೆಂಗಸರೆಲ್ಲ ಗೊಳ್ಳೆಂದು ನಗುತ್ತಿದ್ದರು. ಕಾರಿನಲ್ಲಿ ಕೂತು ತನ್ನ ಡಬ್ಬಿಯ ಮೊಸರನ್ನ ತಿನ್ನುವಾಗ ವಕುಳಾಗೆ ಆ ನಗು ಜೊತೆಗಿರುತ್ತಿತ್ತು. ಬೇರೆಡೆ ಮಾಲೀಕರು ಊಟಕ್ಕೆ ಕರೆಯುತ್ತಿದ್ದರು. ಆ ಕರೆಯಲ್ಲಿ ಭಯವಿರುತ್ತಿತ್ತು. ಲಾಡ್ಜಿನಿಂದ ಲಾಡ್ಜಿಗೆ ಅಲೆಯುವ ಅವಳನ್ನು ಸುಮ್ಮನೆ ಕರೆಯುತ್ತಿದ್ದವಳು ಮಾಣಿಕ್ಯಮ್ಮ ಒಬ್ಬಳೇ.

ಈ ಸಲ ವಕುಳಾ ಕಲೆಸುವ ಕೋಣೆಯ ಗೋಡೆಗೆ ಒರಗಿ ನೋಡುತ್ತಿದ್ದಳು. ಸಾಸಿವೆ ಪುಡಿಯ ಘಾಟು ಮೂಗಿಗೆ ಕಟ್ಟಿದ ಬಟ್ಟೆಯನ್ನೂ ದಾಟಿ ಬರುತ್ತಿತ್ತು. ಬೋಗುಣಿಯ ತಳಕ್ಕೆ ಬಾಗಿದ ಮಾಣಿಕ್ಯಮ್ಮನ ಕೈ ಅಂಚಿಗೆ ತಾಗಿ ಸಣ್ಣಗೆ 'ಟಿಕ್' ಎಂದಿತು. ಯಾರೂ ತಲೆಯೆತ್ತಲಿಲ್ಲ.

ಮಾವಿನ ವಾಟೆ ತಗುಲಿರಬಹುದು. ಹಾಗಂದುಕೊಂಡು ಸುಮ್ಮನಿದ್ದುಬಿಡಬಹುದಿತ್ತು. ಬಾಯಿಬಿಟ್ಟರೆ ಜಗಲಿಯ ಆ ಕರೆಯೂ ತನಗೆ ಇಲ್ಲವಾಗುತ್ತದೆ ಎಂದು ವಕುಳಾಗೆ ಗೊತ್ತಿತ್ತು. ಆದರೆ ಎಲ್ಲೋ ಒಂದು ಮನೆಯಲ್ಲಿ ಮಗುವೊಂದು ಅನ್ನಕ್ಕೆ ಉಪ್ಪಿನಕಾಯಿ ರಸ ಕಲೆಸಿಕೊಳ್ಳುವುದು ಕಣ್ಣಿಗೆ ಕಟ್ಟಿತು.

"ನಿಲ್ಸಿ. ಅತ್ತೆ, ಅಂಗಿ ತೋಳು ಮೇಲೆತ್ತಿ."

"ವಾಟೆ ಇಲ್ದೆ ಆವಕಾಯ ಆಗುತ್ತಾ ಮೇಡಂ?" ಸತ್ತಿರಾಜು ನಗಲು ನೋಡಿದ.

ಮಾಣಿಕ್ಯಮ್ಮನ ಪಕ್ಕದಲ್ಲಿ ಕಲೆಸುತ್ತಿದ್ದ ನೂಕರತ್ನಂ ಸಿಡುಕಿದಳು. "ಗಂಡ ಇರೋಳು ಬೋಳುಗೈಲಿ ಆವಕಾಯಿಗೆ ಕೈ ಹಾಕ್ತಾಳಾ? ನಿಮಗೆ ಮದ್ವೆ ಆಗಿದ್ದಿದ್ರೆ ತಿಳೀತಿತ್ತು!"

ಮಾಣಿಕ್ಯಮ್ಮ ತಾನೇ ಅಂಗಿಯ ತೋಳು ಸರಿಸಿದಳು. ಹಸಿರು ಗಾಜಿನ ಬಳೆಗಳು. ಒಂದರಲ್ಲಿ ಉಗುರಿನಷ್ಟು ಚೂರು ಇರಲಿಲ್ಲ.

"ದಿನಾ ಬಿಚ್ಚಿಟ್ಟೇ ಬರ್ತಿದ್ದೆ ತಾಯಿ," ಎಂದಳು. "ಅವ್ರು ಆಸ್ಪತ್ರೇಲಿ ಮಲಗಿದಾರೆ. ಇವತ್ತು ಬಿಚ್ಚೋಕೆ ಕೈ ಬರ್ಲಿಲ್ಲ."

ವಕುಳಾಗೆ ಆ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿಯಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಳು. ಬೋಗುಣಿ ಪೂರ್ತಿ ಹಿತ್ತಿಲ ಗುಂಡಿಗೆ ಹೋಯಿತು. ಕೆಂಪು ಎಣ್ಣೆ ಮಣ್ಣಿಗಿಳಿಯುವುದನ್ನು ಹೆಂಗಸರು ಯಾರನ್ನೋ ಮಣ್ಣು ಮಾಡುವವರಂತೆ ನಿಂತು ನೋಡಿದರು. ಮಾಣಿಕ್ಯಮ್ಮನನ್ನು ಸತ್ತಿರಾಜು ಲೇಬಲ್ ಅಂಟಿಸುವ ಕಡೆಗೆ ಹಾಕಿದ.

ಆ ಮಗು ಯಾವುದೋ, ಯಾವ ಊರಿನದೋ. ಅದಕ್ಕೆ ಏನೂ ಆಗುವುದಿಲ್ಲ. ಏನೂ ಆಗಲಿಲ್ಲವೆಂಬುದೂ ತಿಳಿಯುವುದಿಲ್ಲ. ತನ್ನ ಕೆಲಸದ ಫಲವೆಂದರೆ ಇಷ್ಟೇ ಎಂದು ವಕುಳಾಗೆ ಮೊದಲಿನಿಂದಲೂ ಗೊತ್ತಿತ್ತು, ಅದು ಅವಳಿಗೆ ಇಷ್ಟವೂ ಆಗಿತ್ತು. ಇವತ್ತೂ ಆ ಸಮಾಧಾನ ಇತ್ತು. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮಧ್ಯಾಹ್ನ ಅವಳು ಜಗಲಿ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ, ನೂಕರತ್ನಂ ನಿನ್ನೆಯ ಆವಕಾಯಿಗೆ ಅನ್ನ ಹಾಕಿ ಕಲೆಸಿ ತುತ್ತು ಇಡುತ್ತಾ ಬಂದಳು. ಮಾಣಿಕ್ಯಮ್ಮನ ಅಂಗೈಗೆ ಇಟ್ಟಳು. ಮುಂದಿನ ತುತ್ತು ವಕುಳಾಳ ಪಕ್ಕದಿಂದಲೇ ಹಾದು ಇನ್ನೊಬ್ಬಳ ಕೈ ಸೇರಿತು. ಯಾರೂ ನಗಲಿಲ್ಲ. ಮಾಣಿಕ್ಯಮ್ಮ ತುತ್ತು ಹಿಡಿದೇ ಒಮ್ಮೆ ಇತ್ತ ನೋಡಿದಳು, ಮತ್ತೆ ಕಣ್ಣು ತಗ್ಗಿಸಿ ತಿಂದಳು.

ಬೇಡವೆನ್ನಲಿಕ್ಕೂ ಯಾರಾದರೂ ಕರೆಯಬೇಕು. ವಕುಳಾ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಕಾರಿನ ಬಾಗಿಲು ತೆಗೆದಳು.